ಊರು ನೋಡಲು ಬಂದವರು ನೀರನ್ನೂ ನೋಡಲಿ

ನೀರಿನ ದಡದ ಹಳೆಯ ಊರುಗಳನ್ನು ನೋಡಲು ಹೋಗುವವರು ಬಹುಮಟ್ಟಿಗೆ ಊರನ್ನಷ್ಟೇ ನೋಡಿ ಹಿಂದಿರುಗುತ್ತಾರೆ. ಗುಡಿ, ಕೋಟೆ, ಸೇತುವೆ, ಕಲ್ಲಿನ ಮನೆಗಳ ಸಾಲು ಇವುಗಳ ಮೇಲೆ ಕಣ್ಣು ನಿಲ್ಲುತ್ತದೆ. ನೀರು ಛಾಯಾಚಿತ್ರದ ಹಿನ್ನೆಲೆಯಾಗಿ ಉಳಿಯುತ್ತದೆ. ಆದರೆ ಊರು ಅಲ್ಲಿ ಹುಟ್ಟಿದ್ದೇ ಆ ನೀರಿನ ಕಾರಣದಿಂದ. ಇಂಗ್ಲೆಂಡಿನ ನದೀತೀರದ ಹಳ್ಳಿಗೆ ಈ ಮಾತು ಎಷ್ಟು ಸಲ್ಲುತ್ತದೆಯೋ ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್‌ಗಳಿಗೂ ಅಷ್ಟೇ ಸಲ್ಲುತ್ತದೆ.

ಮಲೆನಾಡಿನವರಾದ ನಮಗೆ ನಾಡಿನ ಬಡಗಣ ತುದಿಯ ಬಯಲಿನ ಚಿಂತೆ ಏಕೆಂದು ಓದುಗರು ಕೇಳಬಹುದು. ಅದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಆ ಸೀಮೆಯೂ ನಮ್ಮ ಘಟ್ಟದ ನೆತ್ತಿಯ ಹಾಗೆ ನೀರು ಎರಡು ದಿಕ್ಕಿಗೆ ಒಡೆಯುವ ಜಾಗ. ಕಾರಂಜಾ ಮತ್ತು ಚುಳಕಿ ನಾಲೆಗಳ ನೀರು ಮಾಂಜ್ರಾ ನದಿಯನ್ನು ಸೇರಿ ಗೋದಾವರಿಗೆ ಹೋಗುತ್ತದೆ. ಬಸವಕಲ್ಯಾಣ ತಾಲ್ಲೂಕಿನಲ್ಲೇ ಹುಟ್ಟುವ ಮುಲ್ಲಾಮಾರಿ, ಕಾಗಿಣಾ ಮತ್ತು ಭೀಮಾ ನದಿಗಳ ಮೂಲಕ ಕೃಷ್ಣೆಗೆ ಹೋಗುತ್ತದೆ. ನೆತ್ತಿಯ ಮೇಲಿರುವವರಿಗೆ ಮೇಲಿನಿಂದ ಹರಿದು ಬರುವ ನೀರಿಲ್ಲ. ಬಿದ್ದ ಮಳೆಯನ್ನು ಹಿಡಿದಿಟ್ಟುಕೊಂಡಷ್ಟೇ ಅವರ ಪಾಲು. ಎರಡನೆಯದು, ಪ್ರವಾಸಿಗರ ದಟ್ಟಣೆಯ ಬಿಸಿ ನಮಗೆ ಈಗಾಗಲೇ ತಟ್ಟಿದೆ. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಚಾರಣಿಗರ ನೂಕುನುಗ್ಗಲಾದ ಮೇಲೆ ಅರಣ್ಯ ಇಲಾಖೆ ಚಾರಣವನ್ನು ತಡೆದು, ಬಳಿಕ ದಿನಕ್ಕೆ ಇಂತಿಷ್ಟೇ ಜನರೆಂಬ ಮಿತಿಯನ್ನು ತರಬೇಕಾಯಿತು. ಬಯಲಿನ ಯಾತ್ರಾಸ್ಥಳಗಳು ಈ ಪಾಠವನ್ನು ನೂಕುನುಗ್ಗಲಿಗೆ ಮೊದಲೇ ಕಲಿಯಲಿ ಎಂಬುದು ನಮ್ಮ ಆಶಯ.

ಎರಡು ತೊರೆಗಳ ನಡುವಿನ ಊರು

ಹುಮನಾಬಾದ್ ಪಟ್ಟಣಕ್ಕೆ ಹೊಂದಿಕೊಂಡಂತೆ ಮಾಣಿಕನಗರವೆಂಬ ಪುಟ್ಟ ಊರಿದೆ. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಜನಿಸಿದ ಮಾಣಿಕಪ್ರಭುಗಳು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಇಲ್ಲಿ ನೆಲೆ ನಿಂತರು. 1865ರಲ್ಲಿ ಅವರು ಸಮಾಧಿಸ್ಥರಾದದ್ದೂ ಇಲ್ಲಿಯೇ. ಎಲ್ಲ ಮತಗಳೂ ತನ್ನವೇ ಎನ್ನುವ ಅವರ ಸಕಲಮತ ಸಂಪ್ರದಾಯಕ್ಕೆ ಇದೇ ಮೂಲಪೀಠ. ಕನ್ನಡ, ಮರಾಠಿ, ತೆಲುಗು, ಉರ್ದು ಮಾತನಾಡುವ ಭಕ್ತರು ದತ್ತಜಯಂತಿಯ ಉತ್ಸವಕ್ಕೆ ಇಲ್ಲಿಗೆ ಬರುತ್ತಾರೆ. ಊರಿಗೆ ಆರಿಸಿಕೊಂಡ ಜಾಗ ವಿರಜಾ ಮತ್ತು ಗುರುಗಂಗಾ ಎಂಬ ಎರಡು ತೊರೆಗಳ ಸಂಗಮ. ನಾಲ್ಕು ಭಾಷೆಗಳ, ಹಲವು ಮತಗಳ ಜನ ಸೇರುವ ಕ್ಷೇತ್ರಕ್ಕೆ ಎರಡು ನೀರು ಸೇರುವ ಜಾಗಕ್ಕಿಂತ ಒಪ್ಪುವ ನೆಲೆ ಇನ್ನೊಂದಿರಲಾರದು.

ಬೀದರ್–ಹುಮನಾಬಾದ್ ಪ್ರಸ್ಥಭೂಮಿಯ ತೊರೆಗಳ ಗುಟ್ಟು ಅಲ್ಲಿನ ಕಲ್ಲಿನಲ್ಲಿದೆ. ನಾವು ಮುರಕಲ್ಲು ಎಂದು ಕರೆಯುವ ಜಂಬಿಟ್ಟಿಗೆಯೇ ಅಲ್ಲಿಯೂ ಮೇಲ್ಪದರವಾಗಿ ಹರಡಿದೆ. ತೂತು ತೂತಾದ ಈ ಕಲ್ಲು ಮಳೆಯ ನೀರನ್ನು ಹೀರಿಕೊಂಡು ಕೆಳಗಿಳಿಸುತ್ತದೆ. ಕೆಳಗಿನ ಗಟ್ಟಿ ಕಪ್ಪುಶಿಲೆ ಆ ನೀರನ್ನು ಒಳಗೆ ಬಿಟ್ಟುಕೊಳ್ಳದು. ಎರಡು ಪದರಗಳು ಕೂಡುವ ಅಂಚಿನಲ್ಲಿ, ದಿಬ್ಬದ ಇಳಿಜಾರಿನಲ್ಲಿ, ನೀರು ಒರತೆಯಾಗಿ ಹೊರಬರುತ್ತದೆ. ಬೀದರಿನ ಗುರುನಾನಕ ಝೀರಾ, ನರಸಿಂಹ ಝರಣಿಗಳು ಹೀಗೆ ಹುಟ್ಟಿದವು. ಬಹಮನಿ ಸುಲ್ತಾನರ ಕಾಲದಲ್ಲಿ ನೌಬಾದಿನ ನೆಲದೊಳಗೆ ಕೊರೆದ ಕರೇಜ್ ಎಂಬ ಸುರಂಗ ಕಾಲುವೆಯೂ ನೆಲದಡಿಯ ಇಂತಹ ನೀರನ್ನೇ ನಂಬಿ ಕಟ್ಟಿದ್ದು. ವರ್ಷಕ್ಕೆ ಸುಮಾರು 850 ಮಿಲಿಮೀಟರ್ ಮಳೆಯ ನಾಡಿನಲ್ಲಿ ಪೂರ್ವಿಕರು ನೀರು ಕಂಡುಕೊಂಡ ಬಗೆ ಇದು.

ಇಂತಹ ತೊರೆಯನ್ನು ಕೊಲ್ಲಲು ತೊರೆಯ ಬಳಿಗೆ ಹೋಗಬೇಕಾಗಿಯೇ ಇಲ್ಲ. ದಿಬ್ಬದ ಮೇಲಿನ ಮೊರಂ ಮಣ್ಣನ್ನು ಅಗೆದು ಸಾಗಿಸಿದರೆ, ಬಯಲನ್ನು ಕಾಂಕ್ರೀಟಿನಿಂದ ಮುಚ್ಚಿದರೆ, ಒರತೆಗಿಂತ ಆಳಕ್ಕೆ ಸಾಲುಸಾಲಾಗಿ ಕೊಳವೆಬಾವಿ ಕೊರೆದರೆ, ಅದು ತಾನಾಗಿಯೇ ಬತ್ತುತ್ತದೆ. ಸಂಗಮದ ಮೆಟ್ಟಿಲ ಮೇಲೆ ನಿಂತವರಿಗೆ ಕಾರಣ ಕಾಣುವುದಿಲ್ಲ. ಈ ಸಲ ಮಳೆ ಕಡಿಮೆಯೆಂದುಕೊಂಡು ಹೊರಡುತ್ತಾರೆ.

ಹುಮನಾಬಾದಿಗೆ ಬರುವ ದಾರಿಗಳು ಈಗ ಹೆಚ್ಚಿವೆ. ಪುಣೆ–ಹೈದರಾಬಾದ್ ಹೆದ್ದಾರಿ ಪಟ್ಟಣವನ್ನು ಹಾದುಹೋಗುತ್ತದೆ. ಬೀದರ್–ಕಲಬುರಗಿ ರೈಲುಮಾರ್ಗ 2017ರ ಅಕ್ಟೋಬರ್‌ನಲ್ಲಿ ತೆರೆಯಿತು. ಇದೇ ದಾರಿಗಳ ಆಸರೆಯಲ್ಲಿ ಕೈಗಾರಿಕಾ ಪ್ರದೇಶವೂ ಬೆಳೆದಿದೆ, ಸುತ್ತಲಿನ ಹಳ್ಳಿಗಳಿಂದ ದುರ್ನಾತದ ಮತ್ತು ಕೆಟ್ಟ ನೀರಿನ ದೂರುಗಳೂ ಕೇಳಿಬಂದಿವೆ. ಕ್ಷೇತ್ರಕ್ಕೆ ಬರುವ ಭಕ್ತರು ಈ ದೂರುಗಳನ್ನು ತಮಗೆ ಸಂಬಂಧವಿಲ್ಲದ ವಿಷಯವೆಂದು ತಿಳಿಯಬಾರದು. ತೀರ್ಥವೆಂದು ತಲೆಗೆ ಪ್ರೋಕ್ಷಿಸಿಕೊಳ್ಳುವ ನೀರು ಮತ್ತು ಹಳ್ಳಿಯ ಬಾವಿಯ ನೀರು ಒಂದೇ ನೆಲದ ಒಳಗಿನಿಂದ ಬರುವಂಥವು.

ಕಲ್ಯಾಣದ ಕೆರೆ

ಬಸವಕಲ್ಯಾಣ ನದೀತೀರದ ಊರಲ್ಲ. ಕಪ್ಪುಶಿಲೆಯ ನೆಲದಲ್ಲಿ ಮಳೆಯ ನೀರು ಬೇಗ ಹರಿದುಹೋಗುತ್ತದೆ, ಒಳಗಿಳಿಯುವುದು ಕಡಿಮೆ. ಆದುದರಿಂದ ಅಲ್ಲಿನ ಬದುಕು ಕೆರೆ ಬಾವಿಗಳನ್ನು ನೆಚ್ಚಿತು. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರು ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ತಂದರು. ಆರನೆಯ ವಿಕ್ರಮಾದಿತ್ಯನ ಅರ್ಧಶತಮಾನದ ಆಳ್ವಿಕೆಯಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರ’ವನ್ನೂ ಬಿಲ್ಹಣನು ‘ವಿಕ್ರಮಾಂಕದೇವಚರಿತ’ವನ್ನೂ ಈ ಆಸ್ಥಾನದಲ್ಲಿ ಬರೆದರು. ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ಕಲ್ಮೇಶ್ವರ ಗುಡಿಯ ಗೋಡೆಯಲ್ಲಿ ಶಾಸನವನ್ನು ಬರೆಯುತ್ತಿರುವ ಹೆಣ್ಣಿನ ಶಿಲ್ಪ ಆ ಕಾಲದ್ದೇ. ರಾಜಧಾನಿಯೆಂದರೆ ಸೈನ್ಯ, ಸಂತೆ, ಆನೆ ಕುದುರೆಗಳು. ಅಷ್ಟಕ್ಕೂ ನೀರು ಒದಗಬೇಕು. ಅರಮನೆಗಳು ಅಳಿದುಹೋದ ಮೇಲೂ ಉಳಿದುಬಂದ ತ್ರಿಪುರಾಂತಕ ಕೆರೆಯನ್ನು ಈ ಕಣ್ಣಿನಿಂದ ನೋಡಬೇಕು.

ಶರಣರ ಕಾಲಕ್ಕೆ ಬಂದರೆ ನೀರಿನ ನಂಟು ಇನ್ನೂ ಹತ್ತಿರದ್ದು. ನುಲಿಯ ಚಂದಯ್ಯ ಕೆರೆಯಂಚಿನ ಹುಲ್ಲನ್ನು ಕೊಯ್ದು, ಹಗ್ಗ ಹೊಸೆದು, ಅದನ್ನು ಮಾರಿ ದಾಸೋಹ ನಡೆಸಿದವನು. ಹುಲ್ಲು ಕೊಯ್ಯುವಾಗ ಲಿಂಗವು ನೀರಿಗೆ ಬಿದ್ದರೂ ಆತ ಕಾಯಕವನ್ನು ಬಿಡಲಿಲ್ಲವೆಂಬ ಪ್ರಸಂಗ ‘ಶೂನ್ಯಸಂಪಾದನೆ’ಯಲ್ಲಿ ಬರುತ್ತದೆ. ಮಡಿವಾಳ ಮಾಚಯ್ಯನ ಕಾಯಕ ಬಟ್ಟೆ ಒಗೆಯುವುದು, ಅಂಬಿಗರ ಚೌಡಯ್ಯನದು ದೋಣಿ ನಡೆಸುವುದು. ಕೆರೆಯಂಚಿನ ಹುಲ್ಲು, ಒಗೆಯುವ ಕಲ್ಲು, ದೋಣಿಯ ಕಡವು ಇವಿಲ್ಲದೆ ಕಾಯಕವೆಂಬ ಮಾತಿಗೆ ನೆಲೆ ಎಲ್ಲಿಯದು? ಕೆರೆಯ ಅಂಚನ್ನು ಕಲ್ಲು ಸಿಮೆಂಟಿನಿಂದ ಬಿಗಿದು, ಸುತ್ತ ಕಬ್ಬಿಣದ ಕಟಕಟೆ ಹಾಕಿ, ದೀಪ ತೂಗಿಬಿಟ್ಟರೆ ಕೆರೆ ಚೆಂದವಾಯಿತೆನ್ನುವ ಪರಿಪಾಠ ನಮ್ಮ ನಾಡಿನ ಎಲ್ಲ ಊರುಗಳಲ್ಲೂ ಬೆಳೆದಿದೆ. ಅಂತಹ ಕೆರೆಯ ಅಂಚಿನಲ್ಲಿ ಚಂದಯ್ಯನಿಗೆ ಒಂದು ಹಿಡಿ ಹುಲ್ಲೂ ಸಿಕ್ಕುತ್ತಿರಲಿಲ್ಲ.

ಬಸವಕಲ್ಯಾಣದಲ್ಲಿ ಈ ಶತಮಾನದಲ್ಲಿ ದೊಡ್ಡ ನಿರ್ಮಾಣಗಳು ನಡೆದಿವೆ. 108 ಅಡಿ ಎತ್ತರದ ಬಸವಣ್ಣನವರ ಪ್ರತಿಮೆ 2012ರಲ್ಲಿ ಅನಾವರಣಗೊಂಡಿತು. ನೂತನ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಶರಣರ ಸಂಖ್ಯೆಯನ್ನು ನೆನಪಿಸುವ 770 ಕಂಬಗಳು, ಆಗಿನ ಅಂದಾಜಿನಂತೆ 500 ಕೋಟಿ ರೂಪಾಯಿ ವೆಚ್ಚ. ಈ ಸ್ಮಾರಕಗಳನ್ನು ವಿರೋಧಿಸುವುದು ನಮ್ಮ ಉದ್ದೇಶವಲ್ಲ. ಬಹುಕಾಲ ಹಿಂದುಳಿದ ಜಿಲ್ಲೆಗೆ ಯಾತ್ರಿಕರು ಬಂದರೆ ಹೋಟೆಲಿನವನಿಗೆ, ಆಟೋದವನಿಗೆ, ಹೂವು ಹಣ್ಣು ಮಾರುವವಳಿಗೆ ನಾಲ್ಕು ಕಾಸು ಸಿಗುತ್ತದೆ. ಅದನ್ನು ಅಲ್ಲಗಳೆಯುವ ಹಕ್ಕು ಹೊರಗಿನವರಿಗಿಲ್ಲ. ನಮ್ಮ ಪ್ರಶ್ನೆ ಕ್ರಮವನ್ನು ಕುರಿತದ್ದು. ಕಂಬಗಳನ್ನು ಎಣಿಸಿದಷ್ಟು ಕಾಳಜಿಯಿಂದ ನೀರನ್ನು ಎಣಿಸಿದ್ದೇವೆಯೇ?

ಒಂದು ಸರಳ ಲೆಕ್ಕವನ್ನು ಮಾಡಬಹುದು. ಒಳಚರಂಡಿಯಿರುವ ಪಟ್ಟಣದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರೆಂಬುದು ನಮ್ಮ ದೇಶದ ಯೋಜನಾ ಮಾನದಂಡ. ಒಂದು ದಿನ 10,000 ಯಾತ್ರಿಕರು ಊರಿನಲ್ಲಿ ತಂಗಿದರೆಂದು ಭಾವಿಸಿದರೆ ಬೇಕಾಗುವ ನೀರು 13.5 ಲಕ್ಷ ಲೀಟರ್. ಬಳಸಿದ ನೀರಿನಲ್ಲಿ ನೂರಕ್ಕೆ 80 ಪಾಲು ಕೊಳಚೆಯಾಗಿ ಹೊರಬರುತ್ತದೆಂದು ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಅಂದರೆ 10.8 ಲಕ್ಷ ಲೀಟರ್. ಇದು ಇಳಿಜಾರನ್ನು ಹಿಡಿದು ಎಲ್ಲಿಗೆ ಹೋಗುತ್ತದೆ? ತಗ್ಗಿನಲ್ಲಿರುವುದು ಕೆರೆ ಅಥವಾ ಹಳ್ಳ. ಗಡಿಯಾಚೆಗಿನ ಲಾತೂರು ಪಟ್ಟಣಕ್ಕೆ 2016ರ ಏಪ್ರಿಲ್‌ನಲ್ಲಿ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರನ್ನು ಸಾಗಿಸಬೇಕಾಯಿತು. ಲಾತೂರು ನೆಚ್ಚಿದ್ದ ಮಾಂಜ್ರಾ ನದಿಗೇ ಬಸವಕಲ್ಯಾಣದ ಚುಳಕಿ ನಾಲೆಯೂ ಹರಿದು ಸೇರುತ್ತದೆ. ಆ ಬೇಸಿಗೆಯನ್ನು ಕಂಡವರು ಈ ಲೆಕ್ಕವನ್ನು ಹಗುರವಾಗಿ ತೆಗೆದುಕೊಳ್ಳಲಾರರು.

ಬೈಬರಿಯ ಕಲ್ಲುಮನೆಗಳು

ಹಳೆಯ ಊರನ್ನು ಉಳಿಸುವ ಮಾತು ಬಂದಾಗಲೆಲ್ಲ ನಮ್ಮವರು ಇಂಗ್ಲೆಂಡಿನತ್ತ ಬೆರಳು ತೋರುತ್ತಾರೆ. ತೋರುವುದಕ್ಕೆ ಕಾರಣವೂ ಇದೆ. ಗ್ಲಾಸ್ಟರ್‌ಷೈರ್‌ನಲ್ಲಿ ಕೋಲ್ನ್ ಎಂಬ ಸಣ್ಣ ನದಿಯ ದಡದಲ್ಲಿ ಬೈಬರಿಯೆಂಬ ಹಳ್ಳಿಯಿದೆ. ಅಲ್ಲಿನ ಆರ್ಲಿಂಗ್ಟನ್ ರೋ ಎಂಬ ಮನೆಗಳ ಸಾಲು ಹದಿನಾಲ್ಕನೆಯ ಶತಮಾನದಲ್ಲಿ ಕ್ರೈಸ್ತ ಮಠವೊಂದರ ಉಣ್ಣೆಯ ಉಗ್ರಾಣವಾಗಿತ್ತು. ಹದಿನೇಳನೆಯ ಶತಮಾನದಲ್ಲಿ ನೇಕಾರರ ಮನೆಗಳಾಯಿತು. ಎದುರಿನ ಜವುಗು ಹುಲ್ಲುಗಾವಲಿನಲ್ಲಿ ನೇಕಾರರು ಬಟ್ಟೆಯನ್ನು ಒಣಹಾಕುತ್ತಿದ್ದರು. ಸುಣ್ಣಕಲ್ಲಿನ ಗುಡ್ಡಗಳು ಹೀರಿಕೊಂಡ ಮಳೆಯ ನೀರು ಒರತೆಗಳಾಗಿ ಹೊರಬಂದು ಕೋಲ್ನ್ ನದಿಯನ್ನು ಪೋಷಿಸುತ್ತದೆ. ಕಲ್ಲು ಬೇರೆ, ಮಳೆಯ ರೀತಿ ಬೇರೆ. ಆದರೂ ಒರತೆ, ಕಾಯಕ, ದಡದ ಹುಲ್ಲುಗಾವಲು ಇವು ಕೂಡಿಕೊಂಡ ಬಗೆ ಒಂದೇ.

ಆ ಮನೆಗಳು ಈಗ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಒಡೆತನದಲ್ಲಿವೆ. 1895ರಲ್ಲಿ ಆಕ್ಟೇವಿಯಾ ಹಿಲ್, ರಾಬರ್ಟ್ ಹಂಟರ್, ಹಾರ್ಡ್‌ವಿಕ್ ರಾನ್ಸ್ಲಿ ಎಂಬ ಮೂವರು ಇದನ್ನು ಹುಟ್ಟುಹಾಕಿದರು. 1907ರ ಕಾಯ್ದೆ ಈ ಸಂಸ್ಥೆಗೆ ಒಂದು ಅಪೂರ್ವ ಅಧಿಕಾರವನ್ನು ಕೊಟ್ಟಿತು: ಅದು ಪರಭಾರೆ ಮಾಡಲಾಗದ ಸ್ವತ್ತೆಂದು ಘೋಷಿಸಿದ ನೆಲ ಮತ್ತು ಕಟ್ಟಡವನ್ನು ಮಾರುವಂತಿಲ್ಲ. ಮನೆಗಳ ರೂಪ ಕೆಡದೆ ಉಳಿದುದಕ್ಕೆ ಇಂತಹ ಕಟ್ಟುಪಾಡೂ ಕಾರಣ.

ಆದರೆ ಇಂಗ್ಲೆಂಡಿನ ಕಥೆಯ ಉಳಿದರ್ಧವನ್ನು ನಮ್ಮ ಪ್ರವಾಸ ಕಥನಗಳು ಹೇಳುವುದಿಲ್ಲ. ಬೈಬರಿ ಕೆಲವು ನೂರು ಜನರ ಹಳ್ಳಿ. ಅಲ್ಲಿಗೆ ಬಸ್ಸುಗಳ ಮೇಲೆ ಬಸ್ಸು ಬಂದು ರಸ್ತೆ ಕಟ್ಟಿಹೋಗತೊಡಗಿತು. 2025ರಲ್ಲಿ ಅಲ್ಲಿನ ಆಡಳಿತ ದೊಡ್ಡ ಬಸ್ಸುಗಳ ನಿಲುಗಡೆಯನ್ನು ಹಳ್ಳಿಯ ನಡುವಿನಿಂದ ತೆಗೆಯುವ ಪ್ರಯೋಗಕ್ಕೆ ಇಳಿಯಬೇಕಾಯಿತು. ನದಿಗಳ ಸ್ಥಿತಿ ಇದಕ್ಕಿಂತ ಗಂಭೀರ. ಬ್ರಿಟಿಷ್ ಸಂಸತ್ತಿನ ಪರಿಸರ ಲೆಕ್ಕಪರಿಶೋಧನಾ ಸಮಿತಿ 2022ರ ಜನವರಿಯ ವರದಿಯಲ್ಲಿ, ಇಂಗ್ಲೆಂಡಿನ ನದಿಗಳಲ್ಲಿ ನೂರಕ್ಕೆ 14ರಷ್ಟು ಮಾತ್ರ ಉತ್ತಮ ಜೈವಿಕ ಸ್ಥಿತಿಯಲ್ಲಿವೆಯೆಂದು ತಿಳಿಸಿತು. ಹೊಲಗಳಿಂದ ತೊಳೆದುಬರುವ ಗೊಬ್ಬರ ಒಂದು ಕಾರಣ, ಕೊಳಚೆ ಇನ್ನೊಂದು. ಮಳೆನೀರು ಮತ್ತು ಕೊಳಚೆ ಒಂದೇ ಕೊಳವೆಯಲ್ಲಿ ಹರಿಯುವ ಹಳೆಯ ವ್ಯವಸ್ಥೆಯಲ್ಲಿ ಜೋರು ಮಳೆ ಬಂದಾಗ ಹೆಚ್ಚಾದುದನ್ನು ನದಿಗೆ ಬಿಡಲು ಅನುಮತಿಯಿದೆ. ಅನುಮತಿ ಮೀರಿಯೂ ಬಿಡಲಾಗುತ್ತಿದೆಯೆಂದು ಕೋಲ್ನ್ ನದಿಯ ನೆರೆಯ ವಿಂಡ್‌ರಷ್ ನದಿಯ ದಡದ ನಾಗರಿಕರು ದಾಖಲೆಗಳನ್ನು ಜಾಲಾಡಿ ತೋರಿಸಿದರು. ಕಾಯ್ದೆಯ ಬಲದಿಂದ ಮನೆಗಳ ಸಾಲು ಉಳಿಯಿತು. ನದಿಗಳಿಗೆ ಅಷ್ಟು ಗಟ್ಟಿಯಾದ ರಕ್ಷಣೆ ದೊರೆಯಲಿಲ್ಲ.

ಬಸವಣ್ಣನವರ ಎದುರಿನ ಥೇಮ್ಸ್

ಕೋಲ್ನ್ ನದಿ ಲೆಚ್‌ಲೇಡ್ ಬಳಿ ಥೇಮ್ಸ್ ನದಿಯನ್ನು ಸೇರುತ್ತದೆ. ಥೇಮ್ಸ್ ಲಂಡನ್ನಿನಲ್ಲಿ ಹಾದುಹೋಗುವಾಗ, ಲ್ಯಾಂಬೆತ್ ಭಾಗದ ಆಲ್ಬರ್ಟ್ ದಂಡೆಯಲ್ಲಿ, ಬಸವಣ್ಣನವರ ಪ್ರತಿಮೆಯೊಂದರ ಎದುರು ಹರಿಯುತ್ತದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದ ಈ ಪ್ರತಿಮೆಯನ್ನು ನೋಡದೆ ಲಂಡನ್ನಿಗೆ ಹೋದ ಕನ್ನಡಿಗರು ಹಿಂದಿರುಗುವುದು ವಿರಳ. ಪ್ರತಿಮೆಯ ಮುಂದೆ ಕೈಮುಗಿದವರು ಹಿಂದಿರುಗಿ ನದಿಯನ್ನೂ ಒಮ್ಮೆ ನೋಡಬೇಕು. ಕಲ್ಯಾಣಕ್ಕೆ ಬೇಕಾದ ಪಾಠ ಅಲ್ಲಿದೆ.

1858ರ ಬೇಸಿಗೆಯಲ್ಲಿ ಥೇಮ್ಸ್‌ನ ದುರ್ನಾತ ತಡೆಯಲಾರದೆ ಸಂಸತ್ತಿನ ಕಲಾಪ ಏರುಪೇರಾಯಿತು. ಅನಂತರ ಜೋಸೆಫ್ ಬ್ಯಾಜಲ್‌ಜೆಟ್ ಎಂಬ ಎಂಜಿನಿಯರ್ ನಗರದಡಿಯಲ್ಲಿ ಕೊಳಚೆ ಹಿಡಿಯುವ ಮಹಾ ಚರಂಡಿಗಳನ್ನು ಕಟ್ಟಿಸಿದ. ಆಲ್ಬರ್ಟ್ ದಂಡೆಯೂ 1860ರ ದಶಕದಲ್ಲಿ ಆತನ ಮೇಲ್ವಿಚಾರಣೆಯಲ್ಲೇ ನಿರ್ಮಾಣವಾಯಿತು. ನಗರ ಬೆಳೆಯಿತು, ಚರಂಡಿ ಸಾಲದಾಯಿತು, 1957ರಲ್ಲಿ ವಿಜ್ಞಾನಿಗಳು ಲಂಡನ್ನಿನ ಥೇಮ್ಸ್ ಸತ್ತ ನದಿಯೆಂದರು. ಸಂಸ್ಕರಣಾ ಘಟಕಗಳನ್ನು ಮತ್ತೆ ಕಟ್ಟಿ, ದಶಕಗಳ ಕಾಲ ದುಡಿದ ಮೇಲೆ ಮೀನುಗಳು ಮರಳಿದವು. ಆದರೂ ಮಳೆಗಾಲದ ಕೊಳಚೆ ನಿಲ್ಲಲಿಲ್ಲ. ಅದನ್ನು ಹಿಡಿಯಲು ನದಿಯ ಕೆಳಗೆ 25 ಕಿಲೋಮೀಟರ್ ಉದ್ದದ ಸುರಂಗವನ್ನು ಕೊರೆದು 2025ರ ಫೆಬ್ರವರಿಯಲ್ಲಿ ಪೂರ್ಣವಾಗಿ ಜೋಡಿಸಲಾಯಿತು. ಲಂಡನ್ ಇಷ್ಟು ಹಣ ಸುರಿದ ಈ ಸುರಂಗವನ್ನು ಯಾವ ಪ್ರವಾಸಿಯೂ ನೋಡಲಾರ, ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳಲಾರ. ನದಿ ಬದುಕುಳಿಯುವುದು ಇಂತಹ ಕಾಣದ ಕೆಲಸಗಳಿಂದ.

ಕಾಣದ ಕೆಲಸಕ್ಕೆ ಮೊದಲ ಹಣ

ನಾವು ಮಂಡಿಸುವುದು ಇಷ್ಟೇ: ಹಳೆಯ ಊರಿನ ಅಭಿವೃದ್ಧಿಯ ಹಣದಲ್ಲಿ ಮೊದಲ ಪಾಲು ಕಣ್ಣಿಗೆ ಕಾಣದ ಕೆಲಸಕ್ಕೆ ಹೋಗಬೇಕು. ಜಲಾನಯನ, ಒರತೆಯ ಮೂಲ, ಕೊಳಚೆಯ ದಾರಿ ಇವು ನೆಟ್ಟಗಾದ ಮೇಲೆ ಕಮಾನು, ಕಂಬ, ಕಾರಂಜಿಗಳ ಮಾತು.

ಇದಕ್ಕೆ ಎದುರಾಗಿ ಒಂದು ವಾದ ಬರುತ್ತದೆ. ಯಾತ್ರಿಕರು ಬಂದು ಹಣ ಹುಟ್ಟಿದ ಮೇಲೆ ನೀರಿನ ಕೆಲಸವನ್ನು ಮಾಡಿಕೊಳ್ಳಬಹುದು, ಬಡ ಊರಿಗೆ ಮೊದಲು ಆಕರ್ಷಣೆ ಬೇಕು ಎನ್ನುವ ವಾದ. ಲಂಡನ್ ಇದಕ್ಕೆ ಉತ್ತರ ಹೇಳುತ್ತದೆ. ನದಿಯನ್ನು ಮೊದಲು ಕೆಡಿಸಿ ಅನಂತರ ತೊಳೆಯಲು ಜಗತ್ತಿನ ಸಿರಿವಂತ ನಗರಕ್ಕೂ 150 ವರ್ಷಗಳು ಸಾಲಲಿಲ್ಲ. ಥೇಮ್ಸ್‌ಗೆ ಕಡೆಯಪಕ್ಷ ಕಡಲಿನ ಉಬ್ಬರವಿಳಿತದ ನೆರವಿದೆ. ಹುಮನಾಬಾದಿನಂತಹ ಊರಿನ ತೊರೆಗೆ ಇರುವುದು ನಾಲ್ಕು ತಿಂಗಳ ಮಳೆ ಮಾತ್ರ. ಒಮ್ಮೆ ಕೆಟ್ಟ ಒರತೆಯನ್ನು ಹೊಸದಾಗಿ ಕಟ್ಟಿಕೊಡುವ ಎಂಜಿನಿಯರ್ ಯಾರೂ ಇಲ್ಲ.

ಕಾಯ್ದೆಯ ದೃಷ್ಟಿಯಿಂದಲೂ ಇದು ಎಚ್ಚರದ ಕಾಲ. ಕರ್ನಾಟಕದ 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ ಕೆರೆಯಂಚಿನಿಂದ 30 ಮೀಟರ್ ಒಳಗೆ ಕಟ್ಟಡಗಳನ್ನು ನಿಷೇಧಿಸಿತ್ತು. ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಈ ಅಂತರವನ್ನು ಇಳಿಸುವ ತಿದ್ದುಪಡಿ ಮಸೂದೆಗೆ 2025ರಲ್ಲಿ ವಿಧಾನಸಭೆ ಒಪ್ಪಿಗೆಯಿತ್ತಿತು. ಸಣ್ಣ ಕೆರೆಗೆ ಸಣ್ಣ ಅಂಚು ಸಾಕೆಂಬುದು ಅದರ ತರ್ಕ. ಕೆರೆ ಚಿಕ್ಕದಾದಷ್ಟೂ ಬೇಗ ಕೆಡುತ್ತದೆ, ಆದುದರಿಂದ ಅದರ ಅಂಚಿಗೆ ಹೆಚ್ಚಿನ ಕಾವಲು ಬೇಕೆಂಬುದು ಊರಿನ ಹಿರಿಯರು ಬಲ್ಲ ಮಾತು.

ಮೂರು ಕೆಲಸಗಳನ್ನು ಈಗಲೇ ಮಾಡಬಹುದು. ಬಸವಕಲ್ಯಾಣ ಅಭಿವೃದ್ಧಿ ಮಂಡಳಿಯೂ ಪ್ರವಾಸೋದ್ಯಮ ಇಲಾಖೆಯೂ ಮುಂದಿನ ಪ್ರತಿ ಯೋಜನಾ ವರದಿಯನ್ನು ನೀರಿನ ಅಧ್ಯಾಯದಿಂದ ಆರಂಭಿಸಲಿ: ಎಷ್ಟು ಜನ, ಎಷ್ಟು ನೀರು, ಎಷ್ಟು ಕೊಳಚೆ, ಅದರ ದಾರಿ ಯಾವುದು ಎಂಬ ನಾಲ್ಕು ಉತ್ತರಗಳಿಲ್ಲದ ವರದಿಗೆ ಮಂಜೂರಾತಿ ಸಿಗದಿರಲಿ. ಎರಡನೆಯದಾಗಿ, ತ್ರಿಪುರಾಂತಕ ಕೆರೆಗೂ ಮಾಣಿಕನಗರದ ಎರಡು ತೊರೆಗಳಿಗೂ ನೀರು ತರುವ ನೆಲವನ್ನು ಅಳೆದು, ನಕ್ಷೆ ಬರೆದು, ಆ ನಕ್ಷೆಯನ್ನು ಊರಿನ ನಡುವೆ ತೂಗುಹಾಕಲಿ. ಎಲ್ಲಿ ಅಗೆಯಬಾರದು, ಎಲ್ಲಿ ಮುಚ್ಚಬಾರದು ಎಂಬುದು ಕಂದಾಯ ಕಚೇರಿಯ ಕಡತದಲ್ಲಿ ಅಡಗಿದ್ದರೆ ಪ್ರಯೋಜನವಿಲ್ಲ. ಮೂರನೆಯದಾಗಿ, ಪ್ರತಿ ತಿಂಗಳೂ ನೀರನ್ನು ಪರೀಕ್ಷಿಸಿ ಫಲಿತಾಂಶವನ್ನು ಗುಡಿಯ ಬಾಗಿಲಲ್ಲಿ, ಉತ್ಸವದ ಫಲಕದ ಪಕ್ಕದಲ್ಲಿ, ಕನ್ನಡ, ಮರಾಠಿ, ಉರ್ದು ಭಾಷೆಗಳಲ್ಲಿ ಬರೆಸಲಿ. ಈ ಪರೀಕ್ಷೆಯನ್ನು ಕಲಿಯಲು ಕಾಲೇಜಿನ ವಿದ್ಯಾರ್ಥಿಗಳಿಗೆ ಒಂದು ದಿನ ಸಾಕು.

ಭಕ್ತಿಯನ್ನು ಇದರಿಂದ ಹೊರಗಿಡಬೇಕಾಗಿಲ್ಲ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳೆಂಬ ಭಾವನೆಯೇ ಮೀನುಗಳನ್ನು ಕಾಯುತ್ತ ಬಂದಿದೆ. ಮಾಣಿಕನಗರದ ಭಕ್ತರು ಸಂಗಮವನ್ನು ಪೂಜ್ಯವೆಂದು ನಂಬುವವರು, ಕಲ್ಯಾಣದ ಯಾತ್ರಿಕರು ಕಾಯಕವನ್ನು ಕೈಲಾಸವೆಂದು ತಿಳಿದವರು. ಹಳ್ಳದ ಹೂಳೆತ್ತಲು ಇವರನ್ನು ಕರೆದರೆ ಬಾರದಿರರು. ಕರೆಯುವವರು ಬೇಕು.

ಓದುಗರಲ್ಲಿ ನಮ್ಮದೊಂದು ಬಿನ್ನಹ. ಮುಂದಿನ ಸಲ ಬೀದರ್ ಕಡೆಗೆ ಯಾತ್ರೆ ಹೊರಟಾಗ, ಇಲ್ಲವೇ ಮಕ್ಕಳನ್ನು ನೋಡಲು ಇಂಗ್ಲೆಂಡಿಗೆ ಹೋದಾಗ, ಗುಡಿ ಪ್ರತಿಮೆಗಳ ದರ್ಶನದ ಬಳಿಕ ಅರ್ಧ ಗಂಟೆಯನ್ನು ನೀರಿಗೆ ಕೊಡಿ. ಅದು ಎಲ್ಲಿಂದ ಬರುತ್ತದೆ, ಊರನ್ನು ದಾಟಿದ ಮೇಲೆ ಹೇಗಿದೆ ಎಂದು ನಡೆದು ನೋಡಿ, ಊರಿನ ಜನರನ್ನು ಕೇಳಿ. ನೀವು ತಂಗಿದ ಯಾತ್ರಿನಿವಾಸದ ವ್ಯವಸ್ಥಾಪಕರಲ್ಲಿ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆಂದು ವಿಚಾರಿಸಿ. ಹತ್ತು ಯಾತ್ರಿಕರು ಕೇಳಿದರೆ ವ್ಯವಸ್ಥಾಪಕರು ಮುಜುಗರಪಡುತ್ತಾರೆ, ಸಾವಿರ ಯಾತ್ರಿಕರು ಕೇಳಿದರೆ ಆಡಳಿತ ಮಂಡಳಿ ಸಭೆ ಸೇರುತ್ತದೆ. ನಮ್ಮ ಮಲೆನಾಡಿನ ಹೋಂಸ್ಟೇಗಳಲ್ಲಿಯೂ ಅದೇ ಪ್ರಶ್ನೆಯನ್ನು ಕೇಳಿರಿ.